ಹಳೆಯ ಶ್ಪೇಟ್‌ಲೇಸೆ ಕೊಳ್ಳುವಾಗ ನಾನು ನೋಡುವುದು

ಹಳೆಯ ಜರ್ಮನ್ ರೀಸ್ಲಿಂಗ್ (ಅದೇ ಹೆಸರಿನ ದ್ರಾಕ್ಷಿಯ ಬಿಳಿ ವೈನ್) ಕೊಳ್ಳುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಯಾವ ವರ್ಷದ್ದು, ಯಾರ ತೋಟದ್ದು ಎಂದು. ನಾನು ಮೊದಲು ಕೇಳುವುದು ಈ ಬಾಟಲಿ ಇಷ್ಟು ಕಾಲ ಎಲ್ಲಿ ಮಲಗಿತ್ತು ಎಂದು. ದೊಡ್ಡ ಹೆಸರಿನ 1990ರ ಔಸ್‌ಲೇಸೆ (ಶ್ಪೇಟ್‌ಲೇಸೆಗಿಂತ ಮೇಲಿನ ದರ್ಜೆ) ಬೆಚ್ಚಗಿನ ಕಪಾಟಿನಲ್ಲಿ ಹತ್ತು ವರ್ಷ ನಿಂತಿದ್ದರೆ ಅದಕ್ಕಿಂತ, ಮೋಸೆಲ್ ಕಣಿವೆಯ ತಣ್ಣನೆಯ ನೆಲಮಾಳಿಗೆಯಿಂದ ಅಲುಗದೆ ಇದ್ದ ಸಾಧಾರಣ ತೋಟದ ಶ್ಪೇಟ್‌ಲೇಸೆ ಎಷ್ಟೋ ಮೇಲು.

ಶ್ಪೇಟ್‌ಲೇಸೆ ಎಂದರೆ ತಡವಾಗಿ ಕೊಯ್ದ ಹಣ್ಣಿನ ವೈನ್ ಎನ್ನುತ್ತೇವಾದರೂ, 1971ರ ಜರ್ಮನ್ ವೈನ್ ಕಾನೂನಿನ ಪ್ರಕಾರ ದರ್ಜೆಯನ್ನು ತೀರ್ಮಾನಿಸುವುದು ದ್ರಾಕ್ಷಿರಸದ ಸಕ್ಕರೆ. ಅದನ್ನು ಎಕ್ಸ್‌ಲೆ ಡಿಗ್ರಿಯಲ್ಲಿ ಅಳೆಯುತ್ತಾರೆ. ಕಬಿನೆಟ್, ಶ್ಪೇಟ್‌ಲೇಸೆ, ಔಸ್‌ಲೇಸೆ, ಬೇರೆನ್‌ಔಸ್‌ಲೇಸೆ, ಟ್ರೋಕನ್‌ಬೇರೆನ್‌ಔಸ್‌ಲೇಸೆ ಎಂದು ಮೆಟ್ಟಿಲು ಏರುತ್ತದೆ. ಕೊನೆಯದಕ್ಕೆ ಕನಿಷ್ಠ 150 ಡಿಗ್ರಿ ಬೇಕು. ಮೇಲಿನ ಮೆಟ್ಟಿಲುಗಳ ಬೆಲೆ ಎಟುಕುವಂಥದ್ದಲ್ಲ. ಊಟದ ಜೊತೆ ಕುಡಿಯಲು, ಹಣಕ್ಕೆ ತಕ್ಕ ರುಚಿ ಪಡೆಯಲು ಹದಿನೈದರಿಂದ ಇಪ್ಪತ್ತೈದು ವರ್ಷದ ಶ್ಪೇಟ್‌ಲೇಸೆಯೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಐದರಿಂದ ಹತ್ತನೆಯ ವರ್ಷದ ನಡುವೆ ಇವುಗಳಲ್ಲಿ ಬಹಳಷ್ಟು ವೈನ್‌ಗಳು ಮುಚ್ಚಿಕೊಂಡಂತಿರುತ್ತವೆ: ಎಳೆಯ ಹಣ್ಣಿನ ಪರಿಮಳ ಹೋಗಿರುತ್ತದೆ, ಹಳತಿನ ಜೇನು, ಒಣಹಣ್ಣಿನ ವಾಸನೆ ಇನ್ನೂ ಬಂದಿರುವುದಿಲ್ಲ. ಆ ವಯಸ್ಸಿನದನ್ನು ನಾನು ಕೊಳ್ಳುವುದಿಲ್ಲ.

ಲೇಬಲ್ಲಿನಲ್ಲಿ ಮೊದಲು ನೋಡುವುದು ಆಲ್ಕೋಹಾಲ್. ಶೇ. 7.5ರಿಂದ 9 ಇದ್ದರೆ ಸಿಹಿ ಉಳಿಸಿದ ವೈನ್. 12 ದಾಟಿದ್ದರೆ ಸಕ್ಕರೆ ಬಹುತೇಕ ಹುದುಗಿ ಆಲ್ಕೋಹಾಲ್ ಆದ ‘ಟ್ರೋಕನ್’. ಶ್ಪೇಟ್‌ಲೇಸೆ ಎಂದು ಬರೆದಿದ್ದರೂ ಅದು ಒಣ, ಎಂದರೆ ಸಿಹಿಯಿಲ್ಲದ, ವೈನ್ ಆಗಿರಬಹುದು, ಅದರ ಬಾಳಿಕೆಯ ಲೆಕ್ಕವೇ ಬೇರೆ. 1970ರ ದಶಕದ ಲೇಬಲ್‌ಗಳಲ್ಲಿ ಎಷ್ಟೋ ಸಲ ಆಲ್ಕೋಹಾಲ್ ಬರೆದಿರುವುದಿಲ್ಲ. ಅಂಥವುಗಳಲ್ಲಿ ‘ಟ್ರೋಕನ್’, ‘ಹಾಲ್ಬ್‌ಟ್ರೋಕನ್’ (ಅರೆ ಒಣ) ಎಂಬ ಪದಗಳಿಲ್ಲದಿದ್ದರೆ ಸಿಹಿ ಎಂದು ಹಿಡಿಯುತ್ತೇನೆ.

ಆಮೇಲೆ ತೋಟದ ಹೆಸರು. ಪೀಸ್‌ಪೋರ್ಟರ್ ಗೋಲ್ಡ್‌ಟ್ರೋಪ್‌ಷೆನ್ ಎಂದರೆ ಒಂದೇ ಇಳಿಜಾರಿನ ಹೆಸರಾಂತ ತೋಟ. ಪೀಸ್‌ಪೋರ್ಟರ್ ಮಿಷೆಲ್ಸ್‌ಬೆರ್ಗ್ ಎಂದರೆ ಹಲವು ಹಳ್ಳಿಗಳ ತೋಟಗಳನ್ನು ಒಂದೇ ಹೆಸರಿನಡಿ ಸೇರಿಸಿದ ದೊಡ್ಡ ವಲಯ. ಓದಲು ಎರಡೂ ಒಂದೇ ಥರ ಇವೆ, 1971ರ ಕಾನೂನೂ ಇದಕ್ಕೆ ಅವಕಾಶ ಕೊಟ್ಟಿತ್ತು. ಇಂಥ ವಲಯದ ಹೆಸರುಗಳನ್ನು ಬಾಯಿಪಾಠ ಮಾಡಿಕೊಳ್ಳದೆ ಆನ್‌ಲೈನ್ ಹರಾಜಿಗೆ ಇಳಿಯಬಾರದು.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ನೋಡುವುದು ಎ.ಪಿ. ನಂಬರನ್ನು. ಲೇಬಲ್ಲಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಈ ಸರ್ಕಾರಿ ಪರೀಕ್ಷಾ ಸಂಖ್ಯೆಯ ಕೊನೆಯ ಎರಡು ಅಂಕಿ ಪರೀಕ್ಷೆಯಾದ ವರ್ಷ, ಅದರ ಹಿಂದಿನದು ಆ ವರ್ಷ ತೋಟದವರು ಪರೀಕ್ಷೆಗೆ ಕಳಿಸಿದ ಬಾಟ್ಲಿಂಗಿನ (ಒಮ್ಮೆಗೆ ಬಾಟಲಿಗಳಿಗೆ ತುಂಬಿದ ವೈನಿನ) ಕ್ರಮಸಂಖ್ಯೆ. 2001ರ ವೈನಿನ ಮೇಲೆ ಕೊನೆಗೆ 07 02 ಎಂದಿದ್ದರೆ 2002ರಲ್ಲಿ ಪರೀಕ್ಷೆಯಾದ ಏಳನೆಯ ಬಾಟ್ಲಿಂಗ್. ಒಂದೇ ತೋಟ, ಒಂದೇ ವರ್ಷ, ಒಂದೇ ದರ್ಜೆಯಲ್ಲೂ ಬೇರೆ ಬೇರೆ ಪೀಪಾಯಿಗಳ ಬಾಟ್ಲಿಂಗ್‌ಗಳಿರುತ್ತವೆ. ಔಸ್‌ಲೇಸೆಯಲ್ಲಿ ಈ ಗೊಂದಲ ಇನ್ನೂ ಹೆಚ್ಚು: ಬಿಳಿ ಕ್ಯಾಪ್ಸೂಲ್ (ಬಾಟಲಿಯ ಬಾಯಿಯ ಹೊದಿಕೆ), ಹೊನ್ನಿನ ಬಣ್ಣದ ಗೋಲ್ಡ್‌ಕಾಪ್ಸೆಲ್, ಉದ್ದನೆಯ ಗೋಲ್ಡ್‌ಕಾಪ್ಸೆಲ್, ಕೆಲವರಲ್ಲಿ ಲೇಬಲ್ಲಿನ ಮೇಲೆ ನಕ್ಷತ್ರಗಳು ಬೇರೆ. ಮೋಸೆಲ್‌ನ ವೇಲೆನ್ ಹಳ್ಳಿಯ ಯೋಹ್. ಯೋಸ್. ಪ್ರೂಮ್ ತೋಟದವರ ಔಸ್‌ಲೇಸೆ ಕೊಳ್ಳುವವರು ನಂಬರ್ ನೋಡದೆ ಬೆಲೆ ಹೋಲಿಸಿದರೆ ಎರಡು ಬೇರೆ ವೈನ್‌ಗಳನ್ನು ಹೋಲಿಸಿದ ಹಾಗೆ. ಮಾರುವವರು ಲೇಬಲ್ಲಿನ ಆ ಮೂಲೆಯ ಫೋಟೊ ಕಳಿಸದಿದ್ದರೆ ನಾನು ಮುಂದುವರಿಯುವುದಿಲ್ಲ.

ವರ್ಷಗಳ ವಿಚಾರ ಚುಟುಕಾಗಿ. 1971ರದು ಮೇರು, ಆದರೆ ಈಗ ಬಾಟಲಿಯಿಂದ ಬಾಟಲಿಗೆ ವ್ಯತ್ಯಾಸ. 1976 ಬಿಸಿಲಿನ ವರ್ಷ. ಸಿಹಿ ಹೇರಳ, ಹುಳಿ ಕಡಿಮೆ, ಶ್ಪೇಟ್‌ಲೇಸೆಗಳಲ್ಲಿ ಹೆಚ್ಚಿನವು ದಣಿದಿವೆ. 1988, 1989, 1990 ಸಾಲಾಗಿ ಬಂದ ಮೂರು ಒಳ್ಳೆಯ ವರ್ಷಗಳು, ಅದರಲ್ಲಿ 1990ರ ಹುಳಿ ಇನ್ನೂ ಬೆನ್ನೆಲುಬಾಗಿ ನಿಂತಿದೆ. 2001 ನಾನು ಕಣ್ಣುಮುಚ್ಚಿ ಶಿಫಾರಸು ಮಾಡುವ ವರ್ಷ. 2003ರ ಬಿಸಿಗಾಳಿಯಲ್ಲಿ ಹುಳಿ ಕರಗಿಹೋಯಿತು, ಅದನ್ನು ಬಿಡುತ್ತೇನೆ. ವೈನನ್ನು ಹಳತಾಗಿಸುವಾಗ ಕಾಪಾಡುವುದು ಸಕ್ಕರೆ ಮತ್ತು ಹುಳಿ ಎರಡೂ ಸೇರಿ. ಸಕ್ಕರೆ ವಯಸ್ಸಿನೊಂದಿಗೆ ಕರಗುವುದಿಲ್ಲ, ನಾಲಿಗೆಗೆ ಮಾತ್ರ ಕಡಿಮೆಯಾದಂತೆ ಕಾಣುತ್ತದೆ. ಹುಳಿಯಿಲ್ಲದಿದ್ದರೆ ಉಳಿಯುವುದು ಬರೀ ಪಾಕ.

ಬಾಟಲಿಯನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶವಿದ್ದರೆ ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಹೊನ್ನಿನ ಬಣ್ಣ ಸರಿ, ಚಹಾ ಡಿಕಾಕ್ಷನ್ನಿನ ಕಂದು ಬಣ್ಣ ಬೇಡ. ಮೋಸೆಲ್‌ನ ಹಸಿರು ಗಾಜಿನಲ್ಲಿ ಇದು ಸುಲಭ, ರೈನ್ ಕಡೆಯ ಕಂದು ಗಾಜಿನಲ್ಲಿ ಮೋಸವಾಗುತ್ತದೆ. ಅಲ್ಲಿ ಕತ್ತಿನ ತೆಳು ಭಾಗದಲ್ಲೇ ನೋಡಬೇಕು. ವೈನಿನ ಮಟ್ಟ ಕಾರ್ಕಿನ ಕೆಳಗೆ ಎಷ್ಟು ಸೆಂಟಿಮೀಟರ್ ಎಂದು ಅಳೆಯುತ್ತೇನೆ: ಇಪ್ಪತ್ತು ವರ್ಷದ್ದಕ್ಕೆ 2–3 ಸರಿ, ನಲವತ್ತು ವರ್ಷದ್ದಕ್ಕೆ 4–5ರವರೆಗೆ ಒಪ್ಪುತ್ತೇನೆ. ಕ್ಯಾಪ್ಸೂಲಿನ ಅಂಚಿನಿಂದ ಅಂಟಾದ ಗೆರೆ ಇಳಿದಿದ್ದರೆ ಸೋರಿದೆ ಎಂದರ್ಥ. ತಳದಲ್ಲಿ ಹೊಳೆಯುವ ಹರಳುಗಳು ಕಂಡರೆ ಗಾಬರಿ ಬೇಡ, ಅದು ಟಾರ್ಟಾರಿಕ್ ಆಮ್ಲದ ಲವಣ.

ಲೇಬಲ್ ಬೂಸಲು ಹಿಡಿದು ಕಲೆಯಾಗಿದ್ದರೆ ಬೆಲೆ ಇಳಿಯುತ್ತದೆ. ನನಗೆ ಅದು ಒಳ್ಳೆಯ ಲಕ್ಷಣ. ತೇವವಿರುವ ತಣ್ಣನೆಯ ನೆಲಮಾಳಿಗೆ ಕಾಗದವನ್ನು ಕೆಡಿಸುತ್ತದೆ, ಕಾರ್ಕನ್ನು ಉಳಿಸುತ್ತದೆ. ಮಾರುವವರು ‘ಮನೆಯ ಕೆಲ್ಲರ್‌ನಲ್ಲಿತ್ತು’ (ನೆಲಮಾಳಿಗೆಯಲ್ಲಿತ್ತು) ಎಂದಾಗ ಅಲ್ಲಿಗೇ ಬಿಡದೆ, ಅದೇ ಕೋಣೆಯಲ್ಲಿ ಹೀಟಿಂಗ್ ಬಾಯ್ಲರ್ ಇತ್ತೇ ಎಂದು ಕೇಳಿ. ಜರ್ಮನಿಯ ಮನೆಗಳಲ್ಲಿ ಬಾಯ್ಲರ್ ನೆಲಮಾಳಿಗೆಯಲ್ಲೇ ಇರುವುದು ಸಾಮಾನ್ಯ, ಚಳಿಗಾಲವಿಡೀ ಅಲ್ಲಿ ಬಿಸಿ. ಪಾರ್ಸೆಲ್ ತರಿಸುವುದಿದ್ದರೆ ಜುಲೈ, ಆಗಸ್ಟ್ ಬೇಡ.

ಮೂಲದ ಬಗ್ಗೆ ಚಿಂತೆಯೇ ಬೇಡ ಎನ್ನುವವರು ನೇರವಾಗಿ ತೋಟಕ್ಕೆ ಬರೆಯಿರಿ. ಹಲವರು ಹಳೆಯ ವರ್ಷಗಳನ್ನು ತಮ್ಮ ನೆಲಮಾಳಿಗೆಯಿಂದಲೇ ಮಾರುತ್ತಾರೆ. ಟ್ರಿಯರ್ ನಗರದಲ್ಲಿ ಮೋಸೆಲ್ ತೋಟದವರ ಗ್ರೋಸರ್ ರಿಂಗ್ ಸಂಘದ ವಾರ್ಷಿಕ ಹರಾಜೂ ಇದೆ. ಅಲ್ಲಿ ನಾವು ನೇರವಾಗಿ ಕೂಗುವಂತಿಲ್ಲ, ನಮ್ಮ ಪರವಾಗಿ ಕೂಗುವ ದಲ್ಲಾಳಿ, ಎಂದರೆ ಕಮಿಷನರ್, ಮೂಲಕವೇ ಕೂಗಬೇಕು. ಕೂಗಿದ ಬೆಲೆಯ ಮೇಲೆ ಅವರ ಕಮಿಷನ್, ತೆರಿಗೆ ಸೇರುವುದನ್ನು ಮೊದಲೇ ಲೆಕ್ಕ ಹಾಕಿ ಮಿತಿ ಹೇಳಬೇಕು.

ಬೆಂಗಳೂರಿಗೆ ತರುವವರಿಗೆ: ಕಸ್ಟಮ್ಸ್ ವಿನಾಯಿತಿ 2 ಲೀಟರ್. 750 ಮಿ.ಲೀ.ನ ಎರಡು ಬಾಟಲಿ, ಜೊತೆಗೆ 375ರ ಒಂದು ಅರ್ಧ ಬಾಟಲಿ ಔಸ್‌ಲೇಸೆ ಸೇರಿದರೆ 1.875 ಲೀಟರ್, ಮಿತಿಯೊಳಗೇ. ಚೆಕ್-ಇನ್ ಪೆಟ್ಟಿಗೆಯ ನಡುವೆ, ಬಟ್ಟೆಯಲ್ಲಿ ಸುತ್ತಿ ಇಡಿ. ಬಂದ ಮೇಲೆ ಎರಡು ಮೂರು ವಾರ 12 ಡಿಗ್ರಿ ಆಸುಪಾಸಿನಲ್ಲಿ ಅಲುಗಿಸದೆ ಮಲಗಿಸಿ.

ತೆರೆಯುವ ಹಿಂದಿನ ದಿನ ಬಾಟಲಿಯನ್ನು ನಿಲ್ಲಿಸಿಡಿ. ಇಪ್ಪತ್ತೈದು ವರ್ಷ ದಾಟಿದ ಕಾರ್ಕ್‌ಗೆ ಸುರುಳಿ ತಿರುಪು ಹಾಕಿದರೆ ನಡುವೆಯೇ ಪುಡಿಯಾಗುತ್ತದೆ. ಎರಡು ತೆಳು ಅಲಗಿನ ‘ಆ-ಸೋ’ ಓಪನರನ್ನು ಪಕ್ಕಗಳಲ್ಲಿ ಇಳಿಸಿ, ತಿರುಗಿಸುತ್ತ ಮೇಲೆತ್ತಬೇಕು. 1990ರ ದಶಕದ ಆರಂಭದವರೆಗೆ ಕ್ಯಾಪ್ಸೂಲ್‌ಗಳು ಸೀಸದವೂ ಇರುತ್ತಿದ್ದವು, ಹಾಗಾಗಿ ಕತ್ತಿನ ಅಂಚನ್ನು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಮೊದಲ ಲೋಟದಲ್ಲಿ ಮುಗ್ಗಲು ವಾಸನೆ ಬಂದರೆ ಕಾಲು ಗಂಟೆ ಕಾಯಿರಿ. ನೆಲಮಾಳಿಗೆಯ ವಾಸನೆ ಹಾರಿಹೋಗುತ್ತದೆ. ಕಾರ್ಕ್ ಕೆಟ್ಟ ವಾಸನೆ ಗಾಳಿ ತಾಗಿದಷ್ಟೂ ಹೆಚ್ಚುತ್ತದೆ. ಸೀಮೆಎಣ್ಣೆಯಂಥ ಸಣ್ಣ ಛಾಯೆ ದೋಷವಲ್ಲ, ರೀಸ್ಲಿಂಗ್ ಹಳತಾದಾಗ ಹುಟ್ಟುವ ಟಿ.ಡಿ.ಎನ್. ಎಂಬ ಸಂಯುಕ್ತದ್ದು. 10–12 ಡಿಗ್ರಿಯಲ್ಲಿ ಬಡಿಸಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ಸುರಿದರೆ ಅದರ ಪರಿಮಳ ಮೂಗಿಗೆ ಸಿಗುವುದಿಲ್ಲ.