ಜಿಎಸ್‌ಟಿ ಬಿಲ್ ಓದುವುದು ಹೇಗೆ?

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಿ ಒಂದು ಮಿಕ್ಸರ್ ಕೊಂಡಿರಿ ಅಂದುಕೊಳ್ಳಿ. ಬೆಲೆ 2,500, ಜಿಎಸ್‌ಟಿ 450, ಒಟ್ಟು 2,950 ರೂಪಾಯಿ. ಆ 450 ಅಂಗಡಿಯವರ ಲಾಭವಲ್ಲ. ಹಾಗಂತ ಅಷ್ಟನ್ನೂ ಅವರು ಸರ್ಕಾರಕ್ಕೆ ಕಟ್ಟುವುದೂ ಇಲ್ಲ.

ಮೊದಲು ಬಿಲ್ಲಿನ ತೆರಿಗೆ ಸಾಲು ನೋಡಿ. ಮಿಕ್ಸರ್‌ಗೆ ಶೇ 18. ವ್ಯಾಪಾರ ರಾಜ್ಯದೊಳಗೇ ನಡೆದದ್ದರಿಂದ ಕೇಂದ್ರಕ್ಕೆ 225, ರಾಜ್ಯಕ್ಕೆ 225. ಹೊರರಾಜ್ಯದಿಂದ ತರಿಸಿದರೆ ಐಜಿಎಸ್‌ಟಿ ಎಂಬ ಒಂದೇ ಸಾಲು ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಸಾಮಾನುಗಳಿಗೆ ಶೇ 5 ಇಲ್ಲವೇ 18ರ ದರವಿದೆ. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕಿದರೆ ಕೊಡಬೇಡಿ.

ಆಮೇಲೆ 15 ಅಂಕಿ-ಅಕ್ಷರಗಳ ಜಿಎಸ್‌ಟಿ ನಂಬರ್ ಹುಡುಕಿ. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿದರೆ ಅಂಗಡಿ ಯಾರದು, ನೋಂದಣಿ ಚಾಲ್ತಿಯಲ್ಲಿದೆಯಾ ಎಂದು ಗೊತ್ತಾಗುತ್ತದೆ. 'ಕಾಂಪೊಸಿಷನ್' (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆ) ಅಂತ ಕಂಡರೆ ಅವರು ಗ್ರಾಹಕರಿಂದ ತೆರಿಗೆ ವಸೂಲಿ ಮಾಡುವಂತೆಯೇ ಇಲ್ಲ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ, ದಯವಿಟ್ಟು ನೋಡಿಕೊಳ್ಳಿ.

ಈಗ ಅಂಗಡಿಯವರ ಲೆಕ್ಕ. ಅವರು ಆ ಮಿಕ್ಸರ್ ಅನ್ನು ಹೋಲ್‌ಸೇಲ್‌ನವರಿಂದ 2,000ಕ್ಕೆ ತಂದಾಗಲೇ 360 ರೂಪಾಯಿ ತೆರಿಗೆ ಕೊಟ್ಟಿದ್ದಾರೆ. ನಿಮ್ಮಿಂದ ಪಡೆದ 450ರಲ್ಲಿ ಅದನ್ನು ಕಳೆದು, ಉಳಿದ 90 ಕಟ್ಟುತ್ತಾರೆ. ಈ 360 ಅವರ ಇನ್‌ಪುಟ್ ಕ್ರೆಡಿಟ್. ಪ್ರತಿ ಕೈಯೂ ಹೀಗೇ ಕಳೆಯುತ್ತಾ ಬರುತ್ತದೆ. ಕಳೆಯಲು ಏನೂ ಇಲ್ಲದವರು ನೀವು, ಕೊನೆಯ ಗ್ರಾಹಕರು. ಪೂರ್ತಿ ಹೊರೆ ನಿಮ್ಮದೇ. ಆದ್ದರಿಂದ ಬಿಲ್ ಕೇಳಲು ಸಂಕೋಚ ಬೇಡ.

ವ್ಯಾಪಾರಿಗಳು ಒಂದು ಕಡೆ ಎಚ್ಚರವಾಗಿರಬೇಕು. ಹೋಲ್‌ಸೇಲ್‌ನವರು ಸರ್ಕಾರಕ್ಕೆ ಸಲ್ಲಿಸುವ ಲೆಕ್ಕದಲ್ಲಿ, ಅಂದರೆ ರಿಟರ್ನ್‌ನಲ್ಲಿ, ಆ ಬಿಲ್ ತೋರಿಸದಿದ್ದರೆ ನಿಮಗೆ ಕ್ರೆಡಿಟ್ ಸಿಗುವುದಿಲ್ಲ. ದುಡ್ಡು ಕೊಟ್ಟೂ ಕಳೆದುಕೊಂಡಂತೆ, ಅಲ್ವಾ? ತಿಂಗಳಿಗೊಮ್ಮೆ ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ ಪಟ್ಟಿ (ನಿಮಗೆ ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿ) ತೆರೆದು, ಖರೀದಿ ಬಿಲ್‌ಗಳನ್ನು ಒಂದೊಂದಾಗಿ ತಾಳೆ ನೋಡಿ.

ನೋಂದಣಿ ಯಾರಿಗೆ ಬೇಕು? ಕರ್ನಾಟಕದಲ್ಲಿ ಬರೀ ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಬೇಕು. ಹಾಲು, ಹಸಿ ತರಕಾರಿ ಮಾತ್ರ ಮಾರುವವರಿಗೆ ಬೇಡ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ತೆರಿಗೆ ಇಲಾಖೆಯಿಂದ ನೋಟಿಸ್ ಬಂದಾಗ ಸಣ್ಣ ಅಂಗಡಿಯವರು ಗಾಬರಿಯಾಗಿ ನಗದು ಕೇಳಲು ಶುರುಮಾಡಿದ್ದರು. ಆದರೆ ನಗದಾದರೂ ವಹಿವಾಟು ವಹಿವಾಟೇ. ಇನ್ನು ಬ್ಯಾಡಗಿಯಿಂದ ಕೊಲ್ಹಾಪುರಕ್ಕೆ ಮೆಣಸಿನಪುಡಿ ಮಾರುವವರಿಗೆ ಈ 40 ಲಕ್ಷದ ಮಿತಿ ಅನ್ವಯಿಸುವುದಿಲ್ಲ. ಹೊರರಾಜ್ಯದ ಮೊದಲ ಆರ್ಡರ್‌ಗೇ ನೋಂದಣಿ ಬೇಕು.