ಎರಡು ಮೈಕ್, ಒಂದೇ ಟೇಕ್: ಹಾಡು, ಗಿಟಾರ್ ಒಟ್ಟಿಗೇ ಹಿಡಿದ ಅನುಭವ

ಹಾಡು, ಗಿಟಾರ್ ಬೇರೆ ಬೇರೆ ರೆಕಾರ್ಡ್ ಮಾಡು, ಒಟ್ಟಿಗೆ ಮಾಡಿದರೆ ಮಿಕ್ಸ್ ಮಾಡೋಕೆ ಆಗಲ್ಲ ಅಂತ ಮಡಿಕೇರಿಯ ಗೆಳೆಯರೆಲ್ಲ ಹೇಳಿದ್ದರು. ಬೇರೆ ಬೇರೆಯಾಗಿಯೂ ಮಾಡಿ ನೋಡಿದೆ. ನಾನು ಸಾಲಿನ ಕೊನೆಯನ್ನು ಸ್ವಲ್ಪ ಎಳೆದು ಹಾಡುವವನು, ಕೈಯೂ ಅದರ ಜೊತೆಗೇ ನಿಲ್ಲುತ್ತದೆ. ಕ್ಲಿಕ್ (ಕಿವಿಗೆ ಕೊಡುವ ತಾಳದ ಟಿಕ್ ಟಿಕ್) ಹಾಕಿದ ಕೂಡಲೇ ಆ ಎಳೆತವೇ ಹೋಯಿತು.

ಅದಕ್ಕೇ ಒಟ್ಟಿಗೇ ಹಿಡಿಯಲು ಹೊರಟೆ. ಮೊದಲು ಎರಡು ಕಾರ್ಡಿಯಾಯ್ಡ್ ಕಂಡೆನ್ಸರ್, ಅಂದರೆ ಮುಖ್ಯವಾಗಿ ಎದುರಿನ ಸದ್ದು ಹಿಡಿಯುವ ಸೂಕ್ಷ್ಮ ಮೈಕ್, ಇಟ್ಟೆ. ಒಂದು ಬಾಯಿಗೆ, ಇನ್ನೊಂದು ಗಿಟಾರ್ ಕತ್ತಿನ 12ನೇ ಫ್ರೆಟ್‌ಗೆ (ಅಡ್ಡ ಪಟ್ಟಿಗೆ). ಎರಡನ್ನೂ ಕೂಡಿಸಿದರೆ ದನಿ ಪೈಪಿನೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಒಂದೇ ದನಿ ಎರಡೂ ಮೈಕಿಗೆ ಬೀಳುತ್ತದೆ, ದೂರದ ಮೈಕಿಗೆ ತಡವಾಗಿ. 34 ಸೆಂಟಿಮೀಟರ್ ದೂರ ಜಾಸ್ತಿಯಾದರೆ ಸದ್ದು ಒಂದು ಮಿಲಿಸೆಕೆಂಡ್ ತಡ, ಅಲ್ವಾ? ಟ್ರ್ಯಾಕ್ ಸರಿಸಿ ದನಿ ಸರಿ ಮಾಡಿದರೆ ಗಿಟಾರ್ ಕೆಡುತ್ತಿತ್ತು. ಮಧ್ಯೆ ರಟ್ಟು ಕಟ್ಟಿದರೆ ಎಡಗೈ ಕಾಣುತ್ತಿರಲಿಲ್ಲ. ಈ ನಡುವೆ ಜುಲೈನಲ್ಲಿ ಸ್ಟ್ಯಾಂಡಿನಲ್ಲೇ ಬಿಟ್ಟ ಒಂದು ಮೈಕ್ ಥಂಡಿ ಹಿಡಿದು ಪಟಪಟ ಅನ್ನತೊಡಗಿತು, ರಿಪೇರಿಗೆ ಮೂರು ಸಾವಿರದ ಹತ್ತಿರ ಹೋಯಿತು. ಅಂದಿನಿಂದ ಮೈಕನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲೇ ಇಡುತ್ತೇನೆ.

ಆಮೇಲೆ ಆ ಎರಡು ಮೈಕ್ ಮಾರಿ, ಮೇಲೆ ಹದಿನೈದು ಹದಿನಾರು ಸಾವಿರ ಹಾಕಿ, ಫಿಗರ್ ಎಯ್ಟ್ ಇರುವ ಎರಡು ಮೈಕ್ ತಂದೆ. ಅಂದರೆ ಎದುರಿನ, ಬೆನ್ನಿನ ಸದ್ದು ಹಿಡಿಯುತ್ತವೆ, ಬದಿಗೂ ತಲೆಯ ತುದಿಗೂ ಕಿವುಡು. ಹಾಡಿನ ಮೈಕನ್ನು ತಲೆಕೆಳಗಾಗಿ ತೂಗುಹಾಕಿ ಅದರ ತಲೆಯನ್ನು ಗಿಟಾರ್ ಕಡೆ ಬಾಗಿಸಿದೆ. ಗಿಟಾರ್ ಮೈಕಿನ ತಲೆ ಬಾಯಿ ಕಡೆ. ಎರಡು ತಲೆಗಳ ನಡುವೆ ಒಂದು ಗೇಣೂ ಇಲ್ಲ. ಹಾಡಿನ ಮೈಕ್ ಮಾತ್ರ ತೆರೆದು, ಹೆಡ್‌ಫೋನ್ ಹಾಕಿಕೊಂಡು ತಂತಿ ಮೀಟುತ್ತಾ ಮೈಕನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ, ಒಂದು ಜಾಗದಲ್ಲಿ ಗಿಟಾರ್ ಸಟ್ಟನೆ ಮುಳುಗುತ್ತದೆ. ಅಲ್ಲೇ ಬಿಗಿಯಬೇಕು. ಹಾಡುವಾಗ ತಲೆ ಅಲ್ಲಾಡದ ಹಾಗೆ ನಾನು ಮಾಡಿಕೊಂಡ ಉಪಾಯ ಒಂದಿದೆ, ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ.

ಈ ಮೈಕಿಗೆ ಬೆನ್ನಲ್ಲೂ ಕಿವಿ. ಗೋಡೆಯ ಸದ್ದೆಲ್ಲ ಬಂತು. ಅದಕ್ಕೆ ಕಾಫಿ ಚೀಲ ಇಡುವ ಸ್ಟೋರ್‌ಗೆ ಹೋದೆ. ತುಂಬಿದ ಗೋಣಿಚೀಲಗಳನ್ನು ಎದುರಿಗೆ ಆಳೆತ್ತರ ಪೇರಿಸಿದ್ದರು, ಆ ಕಡೆಗೇ ಮೈಕಿನ ಬೆನ್ನು ಕೊಟ್ಟೆ. ದುಡ್ಡು ಕೊಟ್ಟು ತಂದ ಫೋಮಿಗಿಂತ ಇದೇ ಚೆನ್ನ. ಶೀಟಿನ ಮಾಡು, ಮಳೆಗಾಲದಲ್ಲಿ ಅಲ್ಲಿ ಏನೂ ನಡೆಯದು. ಜನವರಿಯಲ್ಲಿ, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ನಿಂತ ಮೇಲೆ, ರಾತ್ರಿ ಹತ್ತಕ್ಕೆ ಕೂತೆ. ನಾಲ್ಕನೇ ಟೇಕ್ ಸಿಕ್ಕಿತು. ದನಿಗೆ ರಿವರ್ಬ್ (ಕೋಣೆಯ ಗುಂಯ್‌ಕಾರ) ಹಾಕಿದರೆ ಅದು ಗಿಟಾರ್‌ಗೆ ಅಂಟಲಿಲ್ಲ! ಬೇಡ ಅಂದಿದ್ದ ಗೆಳೆಯನೇ ಕೇಳಿ, ಬೇರೆ ಬೇರೆ ಮಾಡಿದ್ದು ತಾನೇ ಅಂದ.

ಇದೇ ಜೋಡಣೆಯಲ್ಲಿ ಕೊಡಗಿನ ವಾದ್ಯ ದುಡಿ ಬಾರಿಸುತ್ತಾ ಹಾಡುವವರನ್ನೂ ಕೂರಿಸಿದೆ. ದುಡಿ ಚಿಕ್ಕದು, ಏಟು ಚೂಪು, ಹಾಡಿನ ಮೈಕಿಗೂ ನುಗ್ಗುತ್ತದೆ. ದುಡಿಯನ್ನು ಒಂದು ಮೊಳ ಕೆಳಗಿಳಿಸಿದಾಗ ಸುಮಾರಾಗಿ ಬಂತು. ಹುತ್ತರಿ ಹಬ್ಬದ ಹೊತ್ತಿಗೆ ಮತ್ತೆ ಕೂರಿಸುತ್ತೇನೆ.