ಓದುಗರ ಪ್ರಶ್ನೆಯ ಹಿಂದಿರುವ ಪ್ರಶ್ನೆಯನ್ನು ಅರಿಯುವುದು ಹೇಗೆ?

ಗ್ರಂಥಾಲಯದಲ್ಲಿ ಮಾಹಿತಿ ಹುಡುಕಲು ನೆರವಾಗುವ ಪರಾಮರ್ಶನ ಮೇಜಿನ ಮುಂದೆ ಬಂದು ನಿಲ್ಲುವ ಓದುಗರು ತಮಗೆ ನಿಜವಾಗಿ ಬೇಕಾದುದನ್ನು ಮೊದಲ ಮಾತಿನಲ್ಲೇ ಹೇಳುವುದು ಅಪರೂಪ. ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿನಿಯಾದ ನನಗೆ ತರಬೇತಿಯ ದಿನಗಳಲ್ಲಿ ಇದು ಮನವರಿಕೆಯಾಯಿತು. ಹಿರಿಯರೊಬ್ಬರು ಬಂದು "ನಿಘಂಟು ಎಲ್ಲಿದೆ?" ಎಂದು ಕೇಳಿದರು, ನಾನು ಕಪಾಟು ತೋರಿಸಿ ಕೆಲಸ ಮುಗಿಯಿತೆಂದುಕೊಂಡೆ. ಕಾಲು ಗಂಟೆ ಕಳೆದರೂ ಅವರು ಒಂದೇ ಪುಟದ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು. ಹತ್ತಿರ ಹೋಗಿ ವಿಚಾರಿಸಿದಾಗ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಬಿಚ್ಚಿದರು. ಅದು ಅವರ ಪತ್ನಿಯ ರಕ್ತಪರೀಕ್ಷೆಯ ವರದಿ. ಅದರಲ್ಲಿ, ಮೂತ್ರಪಿಂಡದ ಕೆಲಸವನ್ನು ಅಳೆಯಲು ನೋಡುವ 'ಕ್ರಿಯಾಟಿನಿನ್' ಎಂಬ ಪದದ ಕೆಳಗೆ ಪೆನ್ನಿನಿಂದ ಎರಡು ಗೆರೆ ಎಳೆದಿತ್ತು. ಮೂತ್ರಪಿಂಡದ ಆರೋಗ್ಯದ ಬಗ್ಗೆ ಸಾಮಾನ್ಯರಿಗೆ ತಿಳಿಯುವಂತೆ ಬರೆದ ಪುಸ್ತಕ ಅವರಿಗೆ ಬೇಕಾಗಿತ್ತು.

ಮಾಹಿತಿಯ ಅಗತ್ಯವು ನಾಲ್ಕು ಹಂತಗಳನ್ನು ದಾಟಿ ಪ್ರಶ್ನೆಯಾಗುತ್ತದೆ ಎಂದು ಗ್ರಂಥಾಲಯ ವಿಜ್ಞಾನದ ವಿದ್ವಾಂಸ ರಾಬರ್ಟ್ ಟೇಲರ್ 1968ರಲ್ಲಿ ವಿವರಿಸಿದರು. ಮೊದಲು ಮಾತಿಗೆ ಸಿಗದ ಒಂದು ತಳಮಳ, ಆಮೇಲೆ ಮನಸ್ಸಿನಲ್ಲಿ ಮಸುಕಾಗಿ ಮೂಡುವ ವಿವರಣೆ, ಬಳಿಕ ಸ್ಪಷ್ಟವಾದ ಪ್ರಶ್ನೆ, ಕೊನೆಗೆ ಗ್ರಂಥಾಲಯದಲ್ಲಿ ಏನು ಸಿಗಬಹುದೆಂಬ ತಮ್ಮ ಊಹೆಗೆ ತಕ್ಕಂತೆ ಓದುಗರೇ ಕತ್ತರಿಸಿ ತಂದ ಪ್ರಶ್ನೆ. ನಮ್ಮ ಕಿವಿಗೆ ಬೀಳುವುದು ಈ ನಾಲ್ಕನೆಯದು. ಆದ್ದರಿಂದ ಉತ್ತರ ಹುಡುಕಲು ಹೊರಡುವ ಮುನ್ನ, ಅಲ್ಲಿಂದ ಹಿಂದಕ್ಕೆ ಒಂದೆರಡು ಹೆಜ್ಜೆ ನಡೆಯಬೇಕು.

ಹೌದು ಅಥವಾ ಇಲ್ಲ ಎಂಬ ಉತ್ತರದಲ್ಲಿ ಮುಗಿದುಹೋಗದಂತಹ ಪ್ರಶ್ನೆಗಳನ್ನು ಕೇಳಿ. ಸಂಶೋಧಕಿಯರಾದ ಬ್ರೆಂಡಾ ಡರ್ವಿನ್ ಮತ್ತು ಪೆಟ್ರೀಷಿಯಾ ಡ್ಯೂಡ್ನಿ 1986ರಲ್ಲಿ ಸೂಚಿಸಿದ ಕ್ರಮದಲ್ಲಿ ಮೂರು ಸಂಗತಿಗಳನ್ನು ತಿಳಿದುಕೊಳ್ಳಬೇಕು: ಓದುಗರು ಯಾವ ಸನ್ನಿವೇಶದಲ್ಲಿದ್ದಾರೆ, ಅವರಿಗೆ ಎಲ್ಲಿ ತೊಡಕಾಗಿದೆ, ಸಿಕ್ಕ ಮಾಹಿತಿಯಿಂದ ಏನು ಮಾಡಬೇಕೆಂದಿದ್ದಾರೆ. "ಈವರೆಗೆ ಎಲ್ಲೆಲ್ಲಿ ನೋಡಿದ್ದೀರಿ?", "ಯಾವುದು ಅರ್ಥವಾಗಲಿಲ್ಲ?" ಎಂಬಂಥ ಮಾತುಗಳು ಸಾಕು. "ಇದು ನಿಮಗೇಕೆ ಬೇಕು?" ಎಂದು ಮಾತ್ರ ಕೇಳಬೇಡಿ, ಆ ಪ್ರಶ್ನೆ ವಿಚಾರಣೆಯಂತೆ ಕೇಳಿಸುತ್ತದೆ, ಓದುಗರು ಬಾಯಿ ಮುಚ್ಚಿಕೊಳ್ಳುತ್ತಾರೆ. ಕೇಳಿಸಿಕೊಂಡದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ, ಸರಿಯೇ ಎಂದು ಖಚಿತಪಡಿಸಿಕೊಳ್ಳಿ. ಇದಕ್ಕೆ ಹಿಡಿಯುವ ಎರಡು ನಿಮಿಷ ವ್ಯರ್ಥವಲ್ಲ. ಓದುಗರ ಸಮಯವನ್ನು ಉಳಿಸಬೇಕೆಂಬುದು ಭಾರತದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು. ತಪ್ಪು ಕಪಾಟಿನ ಮುಂದೆ ಆ ಹಿರಿಯರು ಕಳೆದ ಕಾಲು ಗಂಟೆಗೆ ನಾನೇ ಹೊಣೆ.

ಆರೋಗ್ಯ ಮತ್ತು ಕಾನೂನಿನ ಪ್ರಶ್ನೆಗಳಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಧ್ವನಿ ತಗ್ಗಿಸಿ ಮಾತನಾಡಿ. ವಿಶ್ವಾಸಾರ್ಹ ಆಕರವನ್ನು ತೋರಿಸಿ, ಆದರೆ ವರದಿಯ ಅಂಕಿಗಳಿಗೆ ನೀವೇ ಅರ್ಥ ಹೇಳಲು ಹೋಗಬೇಡಿ; ಅದು ವೈದ್ಯರ ಕೆಲಸ.

ಹುಡುಕುವಾಗ ಓದುಗರನ್ನು ಪಕ್ಕದಲ್ಲೇ ಕೂರಿಸಿಕೊಂಡು ಕ್ಯಾಟಲಾಗಿನ ಪರದೆಯನ್ನು ಅವರತ್ತ ತಿರುಗಿಸಿ. 'ಮೂತ್ರಪಿಂಡ' ಎಂದು ಹುಡುಕಿದಾಗ ಸಿಗದ ಪುಸ್ತಕ 'ಕಿಡ್ನಿ' ಎಂದು ಹುಡುಕಿದಾಗ ಸಿಗಬಹುದು. ಹಾಗಾಗಿ ಬಳಸಿದ ಪದಗಳನ್ನೂ, ಪುಸ್ತಕ ಯಾವ ವಿಷಯದ ಕಪಾಟಿನಲ್ಲಿದೆ ಎಂದು ತಿಳಿಸುವ ವರ್ಗಾಂಕಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಡಿ. ಹುಡುಕಾಟ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಹಣ್ಣು ಬಿಡಿಸುವವರು ಪೊದೆಯಿಂದ ಪೊದೆಗೆ ಹೋಗುವಂತೆ ಜನರು ಅಲ್ಲಿಷ್ಟು ಇಲ್ಲಿಷ್ಟು ಆರಿಸಿಕೊಳ್ಳುತ್ತಾರೆ, ದಾರಿಯಲ್ಲಿ ಪ್ರಶ್ನೆಯೇ ಬದಲಾಗುತ್ತದೆ ಎಂದು ಮಾಹಿತಿ ವಿಜ್ಞಾನಿ ಮಾರ್ಸಿಯಾ ಬೇಟ್ಸ್ 1989ರಲ್ಲಿ ಬರೆದರು. ಓದಿದಷ್ಟೂ ಗೊಂದಲ ಹೆಚ್ಚಾಯಿತು ಎಂದು ಮರಳಿ ಬರುವವರನ್ನು ಸೋತವರೆಂದು ಎಣಿಸಬಾರದು. ವಿಷಯವನ್ನು ಆರಿಸಿಕೊಂಡ ಮೇಲೆ, ಅದರ ಒಳಹೊಕ್ಕು ನೋಡುವ ಹಂತದಲ್ಲಿ ಅನಿಶ್ಚಿತತೆ ಏರುವುದು ಸಹಜವೆಂಬುದನ್ನು ಸಂಶೋಧಕಿ ಕ್ಯಾರಲ್ ಕೂಲ್ತೌ ಅವರ ಅಧ್ಯಯನಗಳು ತೋರಿಸಿವೆ. ಆಗ ಹತ್ತು ಪುಸ್ತಕಗಳನ್ನು ಮುಂದಿಡದೆ, ಒಂದು ಒಳ್ಳೆಯ ಪರಿಚಯಾತ್ಮಕ ಪುಸ್ತಕ ಕೊಡಿ.

ಪುಸ್ತಕ ಕೊಟ್ಟು ಸ್ವಲ್ಪ ಹೊತ್ತಾದ ಮೇಲೆ ಓದುಗರ ಬಳಿ ಹೋಗಿ, ಬೇಕಾದುದು ಸಿಕ್ಕಿತೇ ಎಂದು ತಪ್ಪದೆ ಕೇಳಿ. ನಾನು ಎರಡನೆಯ ಸಲ ಹೋದಾಗ ಆ ಹಿರಿಯರು ವರದಿಯ ಹಿಂಬದಿಯಲ್ಲಿ, ವೈದ್ಯರನ್ನು ಕೇಳಬೇಕಾದ ಮೂರು ಪ್ರಶ್ನೆಗಳನ್ನು ಬರೆದುಕೊಳ್ಳುತ್ತಿದ್ದರು.